ಲೇಬಲ್ ಒಂದು, ಒಳಗೆ ಇನ್ನೊಂದು: ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳ ಬೂಟ್‌ಲೆಗ್ ಮತ್ತು ಮರೆತುಹೋದ ಆಟಗಳಿಗೆ ಸಮಗ್ರ ಮಾರ್ಗದರ್ಶಿ

ಪೋಕೆಮಾನ್ ಡೈಮಂಡ್ ಅಧಿಕೃತವಾಗಿ ಹೊರಬಂದಿದ್ದು 2006ರಲ್ಲಿ, ನಿಂಟೆಂಡೊ ಡಿಎಸ್‌ಗೆ. ಅದಕ್ಕೂ ವರ್ಷಗಳ ಮುಂಚೆಯೇ ಗೇಮ್‌ಬಾಯ್ ಕಲರ್‌ಗೆ ‘ಪೋಕೆಮಾನ್ ಡೈಮಂಡ್’ ಅನ್ನೋ ಕಾರ್ಟ್ರಿಡ್ಜ್ ಮಾರಾಟದಲ್ಲಿತ್ತು. ಜೊತೆಗೆ ‘ಪೋಕೆಮಾನ್ ಜೇಡ್’ ಅಂತ ಇನ್ನೊಂದು. ಎರಡರಲ್ಲೂ ಎಷ್ಟು ಹುಡುಕಿದರೂ ಒಂದೇ ಒಂದು ಪೋಕೆಮಾನ್ ಸಿಗುವುದಿಲ್ಲ. ಒಳಗಿದ್ದದ್ದು ಸ್ಮೈಲ್‌ಸಾಫ್ಟ್ 2000ದ ನವೆಂಬರ್‌ನಲ್ಲಿ ಜಪಾನಿನಲ್ಲಿ ತಂದ ‘ಕೇತಾಯ್ ಡೆಂಜು ಟೆಲಿಫ್ಯಾಂಗ್’. ಅದರ ಪವರ್ ಆವೃತ್ತಿಯನ್ನು ಡೈಮಂಡ್ ಮಾಡಿದರು, ಸ್ಪೀಡ್ ಆವೃತ್ತಿಯನ್ನು ಜೇಡ್ ಮಾಡಿದರು.

ಇಂಗ್ಲಿಷ್ ಅನುವಾದ ಓದಿದರೆ ನಗು ಬರುತ್ತದೆ. ಎಷ್ಟೋ ಪ್ರತಿಗಳಲ್ಲಿ ಸೇವ್ ಸರಿಯಾಗಿ ನಿಲ್ಲುವುದೂ ಇಲ್ಲ. ಆದರೆ ಆಟ ಮಾತ್ರ ಚೆನ್ನಾಗಿದೆ. ಇಲ್ಲಿ ಪ್ರಾಣಿಗಳನ್ನು ಹಿಡಿಯುವ ಕೆಲಸವಿಲ್ಲ. ಸ್ನೇಹ ಮಾಡಿಕೊಂಡು ಅವುಗಳ ಫೋನ್ ನಂಬರ್ ಇಸ್ಕೊಳ್ಳಬೇಕು, ಜಗಳದ ಹೊತ್ತಿಗೆ ಫೋನ್ ಮಾಡಿ ಕರೆಯಬೇಕು. ಜಪಾನಿನ ಹೊರಗೆ ಅಧಿಕೃತವಾಗಿ ಬರದ ಈ ಆಟ ಬೇರೆ ದೇಶದವರ ಕೈಗೆ ಸಿಕ್ಕಿದ್ದೇ ಈ ಕಳ್ಳ ಕಾರ್ಟ್‌ಗಳಿಂದ.

ಬೂಟ್‌ಲೆಗ್ (ಅನುಮತಿ ಇಲ್ಲದೆ ಮಾಡಿ ಮಾರಿದ) ಆಟಗಳನ್ನೂ ಮರೆತ ಆಟಗಳನ್ನೂ ಒಂದೇ ಲೇಖನದಲ್ಲಿ ಇಟ್ಟಿದ್ದು ಇದಕ್ಕೇ. ಒಂದರ ಜಾಡು ಹಿಡಿದು ಹೋದರೆ ಬಹಳ ಸಲ ಇನ್ನೊಂದು ಸಿಗುತ್ತದೆ. ಲೇಬಲ್ ಮೇಲೆ ಬರೆದಿದ್ದನ್ನು ನಂಬದೆ ಒಳಗೆ ನೋಡುವ ಅಭ್ಯಾಸ ಇರಬೇಕು, ಅಷ್ಟೇ.

ಕೈಯಲ್ಲಿ ಏನೇನಿರಬೇಕು

ಒಂದು ಕಾರ್ಟ್ ರೀಡರ್ ಬೇಕು. ಕಾರ್ಟ್ರಿಡ್ಜ್ ಒಳಗಿನದನ್ನು ಕಂಪ್ಯೂಟರ್‌ಗೆ ಫೈಲ್ ಆಗಿ ಇಳಿಸುವ ಸಾಧನ ಅದು. ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯೂ ಮತ್ತು ಅದರ ಜೊತೆ ಬಳಸುವ ಫ್ಲ್ಯಾಶ್‌ಜಿಬಿಎಕ್ಸ್ ಸಾಫ್ಟ್‌ವೇರ್ ಗೇಮ್‌ಬಾಯ್, ಕಲರ್, ಅಡ್ವಾನ್ಸ್ ಮೂರಕ್ಕೂ ಆಗುತ್ತದೆ. ಹಳೇ ಕನ್ಸೋಲ್‌ಗಳು ಹತ್ತಾರು ಇರುವವರು ಸ್ಯಾನಿ ಕಾರ್ಟ್ ರೀಡರ್ ನೋಡಬಹುದು. ಅದರ ವಿನ್ಯಾಸ ಎಲ್ಲರಿಗೂ ಮುಕ್ತ, ಕೈಕೆಲಸ ಗೊತ್ತಿದ್ದವರು ತಾವೇ ಜೋಡಿಸಿಕೊಳ್ಳಬಹುದು.

ಗೇಮ್‌ಬಾಯ್ ಕಾರ್ಟ್ ತೆರೆಯಲು 3.8 ಮಿಲಿಮೀಟರ್‌ನ ಗೇಮ್‌ಬಿಟ್ ಸ್ಕ್ರೂಡ್ರೈವರ್ ಬೇಕು. ಅಡ್ವಾನ್ಸ್ ಕಾರ್ಟ್‌ಗೆ ಮೂರು ಹಲ್ಲಿನ ಟ್ರೈವಿಂಗ್. ಇದರ ಜೊತೆ 90 ಶೇಕಡಾ ಅಥವಾ ಅದಕ್ಕಿಂತ ಗಟ್ಟಿಯಾದ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ, ಒಂದು ಭೂತಗನ್ನಡಿ. ಕಂಪ್ಯೂಟರ್‌ನಲ್ಲಿ ಒಂದು ಹೆಕ್ಸ್ ಎಡಿಟರ್ (ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಸಾಫ್ಟ್‌ವೇರ್), ಎಂಜಿಬಿಎ ಮತ್ತು ಸೇಮ್‌ಬಾಯ್ ಎಮ್ಯುಲೇಟರ್ (ಕನ್ಸೋಲ್ ಆಟವನ್ನು ಕಂಪ್ಯೂಟರ್‌ನಲ್ಲೇ ಓಡಿಸುವ ಸಾಫ್ಟ್‌ವೇರ್) ಹಾಕಿಕೊಳ್ಳಿ. ಬೂಟ್‌ಲೆಗ್‌ಗಳ ಹುಚ್ಚು ಜಾಸ್ತಿ ಇದ್ದರೆ ಹೆಚ್‌ಹಗ್‌ಬಾಯ್ ಕೂಡ ಇರಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೆಜ್ಜೆ 1: ಯಾವ ಜಾತಿಯದು ಅಂತ ತಿಳಿಯಿರಿ

‘ಬೂಟ್‌ಲೆಗ್’ ಅನ್ನುವ ಒಂದೇ ಪದವನ್ನು ಜನ ನಾಲ್ಕೈದು ಬೇರೆ ಬೇರೆ ವಸ್ತುಗಳಿಗೆ ಬಳಸುತ್ತಾರೆ. ಮೊದಲು ಇದನ್ನು ಬಿಡಿಸಿಕೊಳ್ಳಬೇಕು.

ಅಧಿಕೃತ ಆಟವನ್ನು ಹಾಗೇ ನಕಲು ಮಾಡಿದ್ದು ಒಂದು ಬಗೆ. ಇದರಲ್ಲಿ ಹೊಸದೇನೂ ಇಲ್ಲ, ದುಡ್ಡು ಕೊಟ್ಟು ಮೋಸ ಹೋಗಬಾರದು ಅಷ್ಟೇ. ಇನ್ನೊಂದು ಬಗೆ, ಬೇರೆ ಆಟದ ಚಿತ್ರ ಬದಲಾಯಿಸಿ ಹೊಸ ಹೆಸರು ಕೊಟ್ಟಿದ್ದು. ಗೇಮ್‌ಬಾಯ್‌ನ ‘ಸೂಪರ್ ಮಾರಿಯೋ 4’ ಅಂತ ಓಡಾಡುವ ಆಟ ನಿಜಕ್ಕೂ ಕ್ರೇಯಾನ್ ಶಿನ್‌ಚಾನ್ ಸರಣಿಯ ನಾಲ್ಕನೆಯದು. ‘ಸೋನಿಕ್ 6’ ತೆಗೆದು ನೋಡಿದರೆ ಅಡಿಯಲ್ಲಿ ಸ್ಪೀಡಿ ಗೊಂಜಾಲೆಸ್ ಸಿಗುತ್ತಾನೆ. ಟೆಲಿಫ್ಯಾಂಗ್ ಕೂಡ ಇದೇ ಗುಂಪು, ಅನುವಾದವೊಂದು ಜಾಸ್ತಿ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು: ಲೈಸೆನ್ಸ್ ಇಲ್ಲದಿದ್ದರೂ ಸ್ವಂತವಾಗಿ ಬರೆದ ಆಟಗಳು. ತೈವಾನಿನ ಸಾಚೆನ್ ಕಂಪನಿ ಗೇಮ್‌ಬಾಯ್‌ಗೆ ನಾಲ್ಕು ಆಟಗಳ ಕಾರ್ಟ್‌ಗಳನ್ನು ಸಾಲಾಗಿ ತಂದಿತು. ಅದೇ ಆಟಗಳಲ್ಲಿ ಎಷ್ಟೋ, ಮೆಗಾ ಡಕ್ ಅನ್ನುವ ಇನ್ನೊಂದು ಹ್ಯಾಂಡ್‌ಹೆಲ್ಡ್‌ನಲ್ಲೂ ಬಂದಿವೆ. ಆ ಯಂತ್ರದ ಒಳಗಿನ ರಚನೆ ಹೆಚ್ಚುಕಡಿಮೆ ಗೇಮ್‌ಬಾಯ್‌ನದ್ದೇ, ರಿಜಿಸ್ಟರ್‌ಗಳ (ಆಟ ಯಂತ್ರಕ್ಕೆ ಆದೇಶ ಕೊಡುವ ವಿಳಾಸಗಳ) ಜಾಗ ಅದಲುಬದಲಾಗಿದೆ ಅಷ್ಟೇ. ತೈವಾನಿನದ್ದೇ ಆದ ವಾಸ್ಟ್ ಫೇಮ್ ಗೇಮ್‌ಬಾಯ್ ಕಲರ್‌ಗೆ ‘ಜೂಕ್ ಹೀರೋ’ ಆಟಗಳನ್ನು ಮಾಡಿತು. ನೋಡಿದರೆ ಮೆಗಾ ಮ್ಯಾನ್ ನೆನಪಾಗುತ್ತಾನೆ, ಆದರೆ ಬರೆದಿದ್ದು ಪೂರ್ತಿ ಅವರೇ. ಅಮೆರಿಕದ ವಿಸ್ಡಮ್ ಟ್ರೀ ಬೈಬಲ್ ಕಥೆಗಳ ಆಟಗಳನ್ನು ನಿಂಟೆಂಡೊ ಅನುಮತಿ ಇಲ್ಲದೆ ಮಾರಿತು. ಬೈಬಲ್ಲಿನ ಪೂರ್ತಿ ಪಠ್ಯವನ್ನೇ ಒಂದು ಗೇಮ್‌ಬಾಯ್ ಕಾರ್ಟ್‌ನಲ್ಲಿ ತುಂಬಿತು. ಇವರನ್ನೆಲ್ಲ ‘ಕಳ್ಳರು’ ಅಂತ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಅನುಮತಿ ಇಲ್ಲದಿರುವುದು ಬೇರೆ, ಇನ್ನೊಬ್ಬರ ಆಟ ಕದಿಯುವುದು ಬೇರೆ.

ಕೊನೆಗೆ ‘108 ಆಟ ಒಂದರಲ್ಲಿ’ ತರಹದ ಕಾರ್ಟ್‌ಗಳು. ಅದೇ ಆಟ ಬೇರೆ ಹಂತದಿಂದ ಶುರುವಾಗುತ್ತದೆ, ಹೆಸರು ಬದಲಾಗುತ್ತದೆ, ಲೆಕ್ಕ ದೊಡ್ಡದಾಗುತ್ತದೆ. ಮೆನುವಿನಲ್ಲಿ ಮೊದಲ ಹತ್ತಿಪ್ಪತ್ತು ನೋಡಿದರೆ ಸಾಕು, ಉಳಿದದ್ದು ಅದರದ್ದೇ ಪುನರಾವರ್ತನೆ.

ಹೆಜ್ಜೆ 2: ಬಿಚ್ಚುವ ಮುಂಚೆ ಹೊರಗಿನಿಂದ ನೋಡಿ

ಅಸಲಿ ನಿಂಟೆಂಡೊ ಕಾರ್ಟ್‌ನ ಲೇಬಲ್ ಮೇಲೆ ಎರಡು ಅಂಕಿಗಳ ಒಂದು ಸಣ್ಣ ಒತ್ತುಗುರುತು ಇರುತ್ತದೆ, ಕೆಲವಕ್ಕೆ ಜೊತೆಗೆ ಒಂದು ಅಕ್ಷರ. ಅದು ಮುದ್ರಣ ಅಲ್ಲ, ಒತ್ತಿದ ಗುರುತು. ನೇರ ನೋಡಿದರೆ ಕಾಣದು. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅಗ್ಗದ ನಕಲಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ಲೇಬಲ್‌ನಲ್ಲಿ ಒಂದು ಕೋಡ್ ಇರುತ್ತದೆ. ಹಳೇ ಗೇಮ್‌ಬಾಯ್ ಆಟಕ್ಕೆ ಡಿಎಂಜಿ, ಕಲರ್‌ಗೆ ಸಿಜಿಬಿ, ಅಡ್ವಾನ್ಸ್‌ಗೆ ಎಜಿಬಿ ಅಂತ ಶುರುವಾಗುತ್ತದೆ. ಅಡ್ವಾನ್ಸ್ ಆಟಗಳಲ್ಲಿ ಆಮೇಲೆ ಬರುವ ನಾಲ್ಕು ಅಕ್ಷರ ಮುಖ್ಯ. ಪೋಕೆಮಾನ್ ಎಮರಾಲ್ಡ್‌ನ ಅಮೆರಿಕ ಆವೃತ್ತಿಗೆ ಅದು ಬಿಪಿಇಇ. ಇದೇ ನಾಲ್ಕು ಅಕ್ಷರ ಚಿಪ್‌ನೊಳಗಿನ ಹೆಡರ್‌ನಲ್ಲೂ (ಆಟದ ಹೆಸರು, ಬಗೆ ಬರೆದಿರುವ ಆರಂಭದ ಭಾಗ) ಇರುತ್ತವೆ. ಬರೆದಿಟ್ಟುಕೊಳ್ಳಿ, ಮುಂದೆ ತಾಳೆ ನೋಡೋಣ.

ಅಡ್ವಾನ್ಸ್ ಕಾರ್ಟ್‌ನ ಪಿನ್‌ಗಳ ಕಡೆ ಇಣುಕಿದರೆ ಅಸಲಿಯಲ್ಲಿ ಪಿನ್‌ಗಳ ಮೇಲ್ಗಡೆ ಬೋರ್ಡ್ ಮೇಲೆಯೇ ನಿಂಟೆಂಡೊ ಹೆಸರು ಕಾಣುತ್ತದೆ. ಸ್ಕ್ರೂ ಕೂಡ ಗಮನಿಸಿ. ಸಾದಾ ಪ್ಲಸ್ ಸ್ಕ್ರೂ ಇದ್ದರೆ ಅದು ಕಾರ್ಖಾನೆಯದ್ದಲ್ಲ. ಒಂದೋ ನಕಲಿ, ಇಲ್ಲಾಂದ್ರೆ ಯಾರೋ ಮಧ್ಯದಲ್ಲಿ ಬಿಚ್ಚಿ ಬದಲಾಯಿಸಿದ್ದಾರೆ. ಯಾವುದೇ ಒಂದು ಗುರುತು ಸಾಲದು. ಎರಡು ಮೂರು ಸೇರಿದಾಗ ಮಾತ್ರ ತೀರ್ಮಾನಕ್ಕೆ ಬನ್ನಿ.

ಎಮರಾಲ್ಡ್ ಬಗ್ಗೆ ಒಂದು ಮಾತು, ಏಕೆಂದರೆ ಇದರ ನಕಲಿಗಳು ವಿಪರೀತ. ಆಟ ಶುರುವಾದಾಗ ‘ಒಳಗಿನ ಬ್ಯಾಟರಿ ಮುಗಿದಿದೆ’ ಎಂಬ ಸಂದೇಶ ಬಂದರೆ ನಕಲಿ ಅಂತ ಎಷ್ಟೋ ಜನ ಹೇಳುತ್ತಾರೆ. ತಪ್ಪು. ಅಸಲಿಯ ಬ್ಯಾಟರಿಯೂ ಇಷ್ಟು ವರ್ಷಕ್ಕೆ ಸತ್ತಿರುತ್ತದೆ. ಅಸಲಿಯಲ್ಲಿ ಆ ಬ್ಯಾಟರಿ ಗಡಿಯಾರಕ್ಕೆ ಮಾತ್ರ, ಸೇವ್ ಹೋಗುವುದು ಕರೆಂಟ್ ಇಲ್ಲದೆಯೂ ನೆನಪಿಡುವ ಫ್ಲ್ಯಾಶ್ ಚಿಪ್‌ಗೆ. ಹಾಗಾಗಿ ಬ್ಯಾಟರಿ ಸತ್ತರೂ ಸೇವ್ ಉಳಿಯಬೇಕು. ಸೇವ್ ಮಾಡಿ, ಕಾರ್ಟ್ ತೆಗೆದು, ಒಂದು ದಿನ ಬಿಟ್ಟು ಮತ್ತೆ ಹಾಕಿ. ಇದನ್ನು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಈ ಆಟ ಒಮ್ಮೆ ಒಂದು ಜಾಗದಲ್ಲಿ, ಮುಂದಿನ ಸಲ ಇನ್ನೊಂದು ಜಾಗದಲ್ಲಿ ಸೇವ್ ಬರೆಯುತ್ತದೆ. ಮೊದಲ ಸಲ ಸರಿ ಇದ್ದು ಎರಡನೇ ಸಲ ಕೈಕೊಡುವುದುಂಟು.

ಹೆಜ್ಜೆ 3: ಬಿಚ್ಚಿ, ನೋಡಿ, ಒರೆಸಿ

ಅಸಲಿ ಬೋರ್ಡ್‌ನಲ್ಲಿ ಚಿಪ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೇಲೆ ತಯಾರಕರ ಹೆಸರು, ನಂಬರು ಇರುತ್ತದೆ. ಬೂಟ್‌ಲೆಗ್‌ನಲ್ಲಿ ಬಹಳ ಸಲ ಒಂದು ಕಪ್ಪು ಅಂಟಿನ ಗುಪ್ಪೆ ಮಾತ್ರ ಇರುತ್ತದೆ, ಚಿಪ್ ಅದರಡಿ ಹುದುಗಿರುತ್ತದೆ. ಆ ಅಂಟನ್ನು ಕೆರೆಯಲು ಹೋಗಬೇಡಿ. ಕೆಳಗಿನ ತಂತಿಗಳು ಕೂದಲಿಗಿಂತ ಸಣ್ಣ, ಕಿತ್ತರೆ ಮುಗಿಯಿತು.

ಬೋರ್ಡ್ ಎರಡೂ ಕಡೆಯ ಫೋಟೋ ತೆಗೆಯಿರಿ. ಬೋರ್ಡ್ ಮೇಲಿನ ಸಣ್ಣ ಅಕ್ಷರಗಳು ಓದುವ ಹಾಗಿರಲಿ. ಬೂಟ್‌ಲೆಗ್‌ನಲ್ಲಿ ತಯಾರಕರ ಹೆಸರು ಬಹಳ ಸಲ ಇರುವುದಿಲ್ಲ. ಒಂದೇ ಬೋರ್ಡ್ ನಂಬರ್ ಇರುವ ಎರಡು ಕಾರ್ಟ್‌ಗಳು ಒಂದೇ ಕಡೆಯಿಂದ ಬಂದಿರಬಹುದು ಅನ್ನುವ ಸುಳಿವು ಸಿಗುವುದು ಈ ಅಕ್ಷರಗಳಿಂದ.

ಪಿನ್‌ಗಳನ್ನು ಹತ್ತಿ ಕಡ್ಡಿಗೆ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಡಿ. ಬಾಯಿಂದ ಊದುವ ಹಳೇ ಚಟ ಬೇಡ, ಎಂಜಲಿನ ತೇವ ತಾಮ್ರಕ್ಕೆ ಒಳ್ಳೆಯದಲ್ಲ. ಬ್ಯಾಟರಿ ಇದ್ದರೆ ಈಗಲೇ ಮುಟ್ಟಬೇಡಿ.

ಹೆಜ್ಜೆ 4: ಮೊದಲು ಸೇವ್, ಆಮೇಲೆ ಆಟ

ಹಳೇ ಗೇಮ್‌ಬಾಯ್ ಆಟಗಳ ಸೇವ್ ಜೀವ ಹಿಡಿದಿರುವುದು ಆ ಗುಂಡಗಿನ ಬ್ಯಾಟರಿಯಿಂದ. ಅದನ್ನು ತೆಗೆದ ಕ್ಷಣ ಯಾರದೋ ಹಳೇ ಆಟ ಹೋಗಿಬಿಡುತ್ತದೆ. ಹಾಗಾಗಿ ರೀಡರ್‌ನಲ್ಲಿ ಹಾಕಿದ ಕೂಡಲೇ ಮೊದಲು ಸೇವ್ ಫೈಲ್ ಇಳಿಸಿಕೊಳ್ಳಿ. ಬ್ಯಾಟರಿ ಬದಲಿಸುವುದು ಆಮೇಲಿನ ಕೆಲಸ. ಆಗ ಲೋಹದ ಕಾಲು ಬೆಸೆದಿರುವ ಬ್ಯಾಟರಿಯನ್ನೇ ತನ್ನಿ, ಹಳೆಯದರ ಮೇಲೆ ಇರುವ ನಂಬರನ್ನೇ ನೋಡಿ ತನ್ನಿ. ಸಿಆರ್ 1616, ಸಿಆರ್ 2025 ಈ ಎರಡು ಹೆಚ್ಚಾಗಿ ಸಿಗುತ್ತವೆ.

ಇನ್ನೊಂದು ಎಚ್ಚರಿಕೆ ವೋಲ್ಟೇಜ್‌ದು. ಗೇಮ್‌ಬಾಯ್ ಕಾರ್ಟ್ 5 ವೋಲ್ಟ್‌ನಲ್ಲಿ ಓಡುತ್ತದೆ, ಅಡ್ವಾನ್ಸ್ ಕಾರ್ಟ್ 3.3 ವೋಲ್ಟ್‌ನಲ್ಲಿ. ರೀಡರ್‌ನ ಸ್ವಿಚ್ ಸರಿಯಾದ ಕಡೆ ಇದೆಯಾ ಅಂತ ಕಾರ್ಟ್ ಹಾಕುವ ಮುಂಚೆ ನೋಡಿ.

ಈಗ ಆಟವನ್ನು ಇಳಿಸಿ. ಒಮ್ಮೆ ಇಳಿಸಿ, ಕಾರ್ಟ್ ತೆಗೆದು ಮತ್ತೆ ಹಾಕಿ ಇನ್ನೊಮ್ಮೆ ಇಳಿಸಿ. ಎರಡೂ ಫೈಲ್ ಒಂದೇ ಇರಬೇಕು. ಬೇರೆ ಬೇರೆ ಬಂದರೆ ಪಿನ್ ಕೊಳೆಯಾಗಿದೆ ಅಂತ ಅರ್ಥ, ಮತ್ತೆ ಒರೆಸಿ.

ಬೂಟ್‌ಲೆಗ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಇಳಿಸಿದರೆ ಅರ್ಧ ಆಟವೇ ಬರಬಹುದು. ಆಟದ ಗಾತ್ರ ಎಷ್ಟು ಅಂತ ಹೆಡರ್‌ನಲ್ಲಿ ಒಂದು ಬೈಟ್ ಹೇಳುತ್ತದೆ, ರೀಡರ್ ಅದನ್ನೇ ನಂಬುತ್ತದೆ. ಬೂಟ್‌ಲೆಗ್ ಮಾಡಿದವರು ಆ ಬೈಟನ್ನು ಸರಿಪಡಿಸುವ ಗೋಜಿಗೇ ಹೋಗಿರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಗಾತ್ರವನ್ನು ಕೈಯಿಂದ ದೊಡ್ಡದು ಮಾಡಿ ಇಳಿಸಿ. ಆಮೇಲೆ ಫೈಲಿನ ಮೊದಲರ್ಧ ಮತ್ತು ಎರಡನೇ ಅರ್ಧ ಹೋಲಿಸಿ. ಒಂದೇ ಆಗಿದ್ದರೆ ಚಿಪ್ ಅಷ್ಟು ದೊಡ್ಡದಲ್ಲ, ಅದೇ ಮತ್ತೆ ಮತ್ತೆ ಓದಿಸಿಕೊಂಡಿದೆ. ಅರ್ಧಕ್ಕೆ ಕತ್ತರಿಸಿ, ಇನ್ನೊಮ್ಮೆ ಹೋಲಿಸಿ. ಎರಡು ಅರ್ಧಗಳು ಬೇರೆಯಾಗುವ ತನಕ ಹೀಗೇ ಮಾಡಿದರೆ ನಿಜವಾದ ಗಾತ್ರ ಸಿಗುತ್ತದೆ.

ಈಗಿನ ಅಡ್ವಾನ್ಸ್ ನಕಲಿಗಳಲ್ಲಿ ಹೆಚ್ಚಿನವು ಮತ್ತೆ ಬರೆಯಬಹುದಾದ ಫ್ಲ್ಯಾಶ್ ಚಿಪ್ ಮೇಲಿವೆ. ಓದುವ ಬದಲು ಬರೆಯುವ ಗುಂಡಿ ಒತ್ತಿದರೆ ಆಟ ಅಳಿಸಿಹೋಗುತ್ತದೆ. ಕೆಲವು ನಕಲಿಗಳಲ್ಲಿ ಸೇವ್‌ಗೆ ಬ್ಯಾಟರಿಯೂ ಇಲ್ಲ, ಬೇರೆ ಚಿಪ್ಪೂ ಇಲ್ಲ. ಆಟ ಇರುವ ಫ್ಲ್ಯಾಶ್‌ನ ಒಂದು ಮೂಲೆಯಲ್ಲೇ ಸೇವನ್ನೂ ಬರೆದುಕೊಳ್ಳುವ ಹಾಗೆ ಆಟವನ್ನು ತಿದ್ದಿರುತ್ತಾರೆ. ಫ್ಲ್ಯಾಶ್‌ಜಿಬಿಎಕ್ಸ್‌ನಲ್ಲಿ ಇಂಥ ಸೇವ್ ತೆಗೆಯುವ ಆಯ್ಕೆ ಬೇರೆಯೇ ಇದೆ.

ಹೆಜ್ಜೆ 5: ಹೆಡರ್ ಓದುವುದು

ಈ ಕೆಲಸದ ಮಜಾ ಇರುವುದೇ ಇಲ್ಲಿ. ಇಳಿಸಿದ ಗೇಮ್‌ಬಾಯ್ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಹೆಕ್ಸ್ ವಿಳಾಸ 0104ಕ್ಕೆ ಹೋಗಿ. ಅಲ್ಲಿಂದ 0133ರ ತನಕ 48 ಬೈಟ್. ಆನ್ ಮಾಡಿದ ಕೂಡಲೇ ಮೇಲಿಂದ ಇಳಿದು ಬರುವ ನಿಂಟೆಂಡೊ ಲೋಗೋ ಇದೆಯಲ್ಲ, ಅದರ ಚಿತ್ರ ಈ 48 ಬೈಟ್‌ಗಳಲ್ಲಿದೆ. ಸಿಇ, ಇಡಿ, 66, 66, ಸಿಸಿ, 0ಡಿ ಅಂತ ಶುರುವಾಗಬೇಕು.

ಕನ್ಸೋಲ್ ಒಳಗೂ ಇದೇ 48 ಬೈಟ್‌ಗಳ ಒಂದು ಪ್ರತಿ ಇದೆ. ಎರಡೂ ತಾಳೆಯಾಗದಿದ್ದರೆ ಆಟ ಶುರುವಾಗದೆ ಅಲ್ಲೇ ನಿಲ್ಲುತ್ತದೆ. ಲೆಕ್ಕಾಚಾರ ಹೀಗಿತ್ತು: ಅನುಮತಿ ಇಲ್ಲದವರು ಆಟ ಓಡಿಸಬೇಕಾದರೆ ನಿಂಟೆಂಡೊ ಟ್ರೇಡ್‌ಮಾರ್ಕನ್ನು ನಕಲು ಮಾಡಲೇಬೇಕು, ಮಾಡಿದರೆ ಕೋರ್ಟಿಗೆ ಎಳೆಯಬಹುದು.

ಆದರೆ ಇದರಲ್ಲೊಂದು ಸಂದಿ ಉಳಿದುಬಿಟ್ಟಿತ್ತು. ಹಳೇ ಗೇಮ್‌ಬಾಯ್ ಈ ಬೈಟ್‌ಗಳನ್ನು ಕಾರ್ಟ್‌ನಿಂದ ಎರಡು ಸಲ ಓದುತ್ತದೆ. ಮೊದಲ ಸಲ ಪರದೆ ಮೇಲೆ ತೋರಿಸಲು, ಎರಡನೇ ಸಲ ಹೋಲಿಸಿ ನೋಡಲು. ಲೈಸೆನ್ಸ್ ಇಲ್ಲದ ಕಂಪನಿಗಳು ಕಾರ್ಟ್ ಒಳಗೆ ಒಂದು ಸಣ್ಣ ಸರ್ಕ್ಯೂಟ್ ಇಟ್ಟರು. ಮೊದಲ ಸಲ ಕೇಳಿದಾಗ ತಮ್ಮದೇ ಲೋಗೋ ಕೊಟ್ಟರು, ಎರಡನೇ ಸಲ ಕೇಳಿದಾಗ ನಿಂಟೆಂಡೊದ್ದು. ಪರದೆಯಲ್ಲಿ ಕಂಡಿದ್ದು ಇವರ ಹೆಸರು, ಪರೀಕ್ಷೆಯಲ್ಲಿ ಪಾಸಾಗಿದ್ದು ಅವರ ಹೆಸರು! ಸಾಚೆನ್ ಕಾರ್ಟ್ ಹಾಕಿದಾಗ ಬೇರೆ ಲೋಗೋ ಇಳಿದು ಬರುವುದು ಇದರಿಂದಲೇ. ಗೇಮ್‌ಬಾಯ್ ಕಲರ್ ಅಂತೂ 48ರಲ್ಲಿ ಮೊದಲ 24 ಬೈಟ್ ಮಾತ್ರ ಹೋಲಿಸುತ್ತದೆ.

ಇದರಿಂದ ನಿಮಗೊಂದು ಕೆಲಸದ ಪಾಠವಿದೆ. ಸಾಚೆನ್ ಕಾರ್ಟ್‌ಗಳಲ್ಲಿ ಆರಂಭದಲ್ಲಿ ಹೆಡರ್‌ನ ವಿಳಾಸಗಳೇ ಕಲಸಿಹೋಗಿರುತ್ತವೆ. ರೀಡರ್ ‘ಲೋಗೋ ಸರಿಯಿಲ್ಲ’ ಅಂತ ಕೆಂಪು ಅಕ್ಷರದಲ್ಲಿ ಬೈಯುತ್ತದೆ. ಕಾರ್ಟ್ ಹಾಳಾಗಿದೆ ಅಂತ ಬಿಸಾಡಬೇಡಿ. ಒರೆಸಿ ಮತ್ತೆ ಓದಿದರೂ ಅದೇ ತಪ್ಪು ಬೈಟ್‌ಗಳು ಅದೇ ಕ್ರಮದಲ್ಲಿ ಬಂದರೆ ಅದು ಕೊಳೆ ಅಲ್ಲ, ಬೇಕಂತಲೇ ಮಾಡಿದ್ದು. ಕೊಳೆ ಪ್ರತಿ ಸಲ ಬೇರೆ ಬೇರೆ ತಪ್ಪು ಕೊಡುತ್ತದೆ.

ಮುಂದೆ 0134ರಿಂದ ಆಟದ ಹೆಸರು. ಚಿತ್ರ ಬದಲಾಯಿಸಿದ ಎಷ್ಟೋ ಬೂಟ್‌ಲೆಗ್‌ಗಳಲ್ಲಿ ಮೂಲ ಆಟದ ಹೆಸರು ಇಲ್ಲಿ ಹಾಗೇ ಉಳಿದಿರುತ್ತದೆ. ಲೇಬಲ್ ಬದಲಾಯಿಸಿದವರು ಇಲ್ಲಿ ತನಕ ಬಂದಿರುವುದಿಲ್ಲ.

0147ರಲ್ಲಿ ಕಾರ್ಟ್ ಯಾವ ಬಗೆಯದು ಅಂತ ಇರುತ್ತದೆ. 00 ಅಂದರೆ ಆಟ ಮಾತ್ರ. 03 ಅಂದರೆ ಎಂಬಿಸಿ1 ಚಿಪ್ (ಇಂಥ ಚಿಪ್‌ನ ಕೆಲಸ ಹೆಜ್ಜೆ 7ರಲ್ಲಿದೆ), ರ‍್ಯಾಮ್ ಮತ್ತು ಬ್ಯಾಟರಿ. 10 ಅಂದರೆ ಎಂಬಿಸಿ3, ಜೊತೆಗೆ ಗಡಿಯಾರವೂ ಉಂಟು. 19 ಅಂದರೆ ಎಂಬಿಸಿ5. 0148ರಲ್ಲಿ ಗಾತ್ರ: 0 ಇದ್ದರೆ 32 ಕಿಲೋಬೈಟ್, ಒಂದೊಂದು ಅಂಕಿ ಏರಿದಾಗಲೂ ಎರಡರಷ್ಟು. 5 ಅಂದರೆ 1 ಮೆಗಾಬೈಟ್. ಮೇಲೆ ಹೇಳಿದ ಸುಳ್ಳು ಬೈಟ್ ಇದೇ.

014ಡಿಯಲ್ಲಿರುವ ಹೆಡರ್‌ನ ಚೆಕ್‌ಸಮ್ (ಬೈಟ್‌ಗಳು ಸರಿ ಇವೆಯಾ ಅಂತ ತಾಳೆ ನೋಡುವ ಸಂಖ್ಯೆ) ಅನ್ನು ಕನ್ಸೋಲ್ ಪರೀಕ್ಷೆ ಮಾಡುತ್ತದೆ, ಅದು ತಪ್ಪಿದ್ದರೆ ಆಟ ಓಡುವುದಿಲ್ಲ. ಹಾಗಾಗಿ ಬೂಟ್‌ಲೆಗ್‌ನಲ್ಲೂ ಸರಿ ಇರುತ್ತದೆ. ಅದರ ಮುಂದಿನ ಎರಡು ಬೈಟ್, ಅಂದರೆ ಇಡೀ ಆಟದ ಚೆಕ್‌ಸಮ್, ಯಾವ ಕನ್ಸೋಲೂ ನೋಡುವುದಿಲ್ಲ. ಆಟ ಸರಿಯಾಗಿ ಓಡುತ್ತಿದೆ, ಎರಡು ಸಲ ಇಳಿಸಿದ್ದೂ ಒಂದೇ ಇದೆ, ಆದರೆ ಈ ಎರಡು ಬೈಟ್ ತಾಳೆಯಾಗುತ್ತಿಲ್ಲ ಅಂದರೆ ಯಾರೋ ಆಟವನ್ನು ತಿದ್ದಿದ್ದಾರೆ ಅನ್ನುವುದಕ್ಕೆ ಒಳ್ಳೆಯ ಸುಳಿವು.

ಅಡ್ವಾನ್ಸ್ ಫೈಲ್‌ನಲ್ಲಿ ಆಟದ ಹೆಸರು ಎ0ಯಿಂದ, ನಾಲ್ಕಕ್ಷರದ ಕೋಡ್ ಎಸಿಯಿಂದ. ಲೇಬಲ್‌ನಿಂದ ಬರೆದಿಟ್ಟುಕೊಂಡದ್ದನ್ನು ಈಗ ತಾಳೆ ನೋಡಿ. ಲೇಬಲ್‌ನಲ್ಲಿ ಎಮರಾಲ್ಡ್‌ನ ಬಿಪಿಇಇ, ಒಳಗೆ ಫೈರ್‌ರೆಡ್‌ನ ಬಿಪಿಆರ್‌ಇ ಅಂತ ಬಂದರೆ ಮತ್ತೇನೂ ಹೇಳಬೇಕಾಗಿಲ್ಲ, ಅಲ್ವಾ?

ಹೆಜ್ಜೆ 6: ಹ್ಯಾಶ್ ಹಾಕಿ ತಾಳೆ ನೋಡಿ

ಹ್ಯಾಶ್ ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ. ಫೈಲಿನ ಸಿಆರ್‌ಸಿ32 ಮತ್ತು ಎಸ್‌ಹೆಚ್‌ಎ-1 ಎಂಬ ಎರಡು ಬಗೆಯ ಹ್ಯಾಶ್ ತೆಗೆದು, ಆಟಗಳ ಫೈಲ್‌ಗಳನ್ನು ದಾಖಲಿಸುವ ನೋ-ಇಂಟ್ರೊ ಪಟ್ಟಿಯಲ್ಲಿ ಹುಡುಕಿ. ಸಿಕ್ಕರೆ ನಿಮ್ಮದು ಈಗಾಗಲೇ ದಾಖಲಾದ ಆಟ. ಸಿಗದಿದ್ದರೆ ಕುಣಿಯಬೇಡಿ. ಸೇವ್ ಬರೆಯಲು ಒಂದೆರಡು ಬೈಟ್ ತಿದ್ದಿದ ಸಾಮಾನ್ಯ ನಕಲಿಗೂ ಹ್ಯಾಶ್ ಬೇರೆಯೇ ಬರುತ್ತದೆ. ಮೂಲ ಆಟದ ಫೈಲ್ ಇದ್ದರೆ ಬೈಟ್‌ಗೆ ಬೈಟ್ ಹೋಲಿಸಿ, ಎಲ್ಲೆಲ್ಲಿ ಬದಲಾಗಿದೆ ನೋಡಿ.

ಹೆಜ್ಜೆ 7: ಓಡಿಸುವುದು

ಗೇಮ್‌ಬಾಯ್‌ಗೆ ಒಂದು ಹೊತ್ತಿಗೆ ಕಾರ್ಟ್‌ನ 32 ಕಿಲೋಬೈಟ್ ಮಾತ್ರ ಕಾಣುತ್ತದೆ. ದೊಡ್ಡ ಆಟವಾದರೆ ಪುಸ್ತಕದ ಪುಟ ತಿರುಗಿಸಿದ ಹಾಗೆ ಬೇಕಾದ ಭಾಗವನ್ನು ಎದುರಿಗೆ ತಂದುಕೊಡಲು ಕಾರ್ಟ್ ಒಳಗೆ ಒಂದು ಚಿಪ್ ಇರಬೇಕು. ಅದನ್ನು ಮ್ಯಾಪರ್ ಅನ್ನುತ್ತಾರೆ. ಅಧಿಕೃತ ಮ್ಯಾಪರ್‌ಗಳು ಕೆಲವೇ ಕೆಲವು, ಎಲ್ಲ ಎಮ್ಯುಲೇಟರ್‌ಗೂ ಗೊತ್ತು. ಬೂಟ್‌ಲೆಗ್ ಕಂಪನಿಗಳು ತಮ್ಮ ತಮ್ಮದೇ ಮ್ಯಾಪರ್ ಮಾಡಿಕೊಂಡವು. ಹೆಡರ್‌ನಲ್ಲಿ ಮಾತ್ರ ಎಂಬಿಸಿ1 ಅಂತಲೋ ಎಂಬಿಸಿ5 ಅಂತಲೋ ಸುಮ್ನೆ ಬರೆದುಬಿಟ್ಟರು.

ಹಾಗಾಗಿ ಮಾಮೂಲಿ ಎಮ್ಯುಲೇಟರ್‌ನಲ್ಲಿ ಲೋಗೋ ಬಂದು ಆಮೇಲೆ ಪರದೆ ಬಿಳಿಯಾಗಿ ನಿಂತರೆ ಮೊದಲ ಅನುಮಾನ ಮ್ಯಾಪರ್ ಮೇಲೆ ಬರಲಿ. ಹೆಚ್‌ಹಗ್‌ಬಾಯ್ ಇಂಥ ಲೈಸೆನ್ಸ್ ಇಲ್ಲದ ಕಾರ್ಟ್‌ಗಳನ್ನು ಗಮನದಲ್ಲಿಟ್ಟು ಬೆಳೆದದ್ದು. ಎಂಜಿಬಿಎ ಕೂಡ 0.10ರ ಹೊತ್ತಿಗೆ ಇವುಗಳಲ್ಲಿ ಹಲವನ್ನು ಸೇರಿಸಿಕೊಂಡಿತು. ಮ್ಯಾಪರ್ ಅನ್ನು ಕೈಯಿಂದ ಆಯ್ದು ಒಂದೊಂದಾಗಿ ಹಾಕಿ ನೋಡಿ.

ವಾಸ್ಟ್ ಫೇಮ್ ಆಟಗಳು ಇನ್ನೂ ಸತಾಯಿಸುತ್ತವೆ. ಇವರ ಆಟವನ್ನು ಬೇರೆ ಕಳ್ಳರು ಕದಿಯಬಾರದು ಅಂತ ಇವರೇ ಕಾರ್ಟ್‌ಗೆ ಬೀಗ ಹಾಕಿದ್ದರು. ಆದರೂ ಕದ್ದರು! ಬೀಗ ಮುರಿದು ಬೇರೆ ಹೆಸರಲ್ಲಿ ಮಾರಿದ ಪ್ರತಿಗಳು ಓಡಾಡುತ್ತಿವೆ. ಈಗ ಸಿಗುವ ಎಷ್ಟೋ ಫೈಲ್‌ಗಳು ಆ ಎರಡನೇ ಕೈಯ ಪ್ರತಿಗಳೇ. ನಿಮ್ಮ ಹತ್ತಿರ ಬೀಗ ಇರುವ ಮೊದಲ ಕಾರ್ಟ್ ಇದ್ದರೆ ಅದಕ್ಕೆ ಬೆಲೆ ಜಾಸ್ತಿ ಕೊಡಬೇಕಾದದ್ದು ಈ ಕಾರಣಕ್ಕೆ.

ಹೆಜ್ಜೆ 8: ವೇಷದಡಿಯ ಆಟ ಪತ್ತೆ ಮಾಡುವುದು

ಹೆಡರ್‌ನಲ್ಲಿ ಹೆಸರು ಸಿಗಲಿಲ್ಲ, ಹ್ಯಾಶ್ ತಾಳೆಯಾಗಲಿಲ್ಲ. ಈಗ ಎಮ್ಯುಲೇಟರ್‌ನ ಟೈಲ್ ವೀಕ್ಷಕ ತೆರೆಯಿರಿ. ಆಟದ ಚಿತ್ರಗಳೆಲ್ಲ 8 ಗುಣಿಸು 8 ಚುಕ್ಕೆಗಳ ಸಣ್ಣ ಚೌಕಗಳಾಗಿ ಅಲ್ಲಿ ಕಾಣುತ್ತವೆ. ವೇಷ ಹಾಕಿದವರು ನಾಯಕನ ಮುಖ ಬದಲಾಯಿಸುತ್ತಾರೆ, ಶೀರ್ಷಿಕೆ ಬದಲಾಯಿಸುತ್ತಾರೆ. ನಾಯಕ ಸತ್ತಾಗಿನ ಚಿತ್ರ, ಕೊನೆಯ ಹಂತದ ಶತ್ರು, ಆಟ ಮುಗಿದ ಮೇಲಿನ ಪರದೆ ಇವುಗಳನ್ನು ಮರೆಯುತ್ತಾರೆ. ಸುಮ್ನೆ ಸಾಯುತ್ತಾ ಹೋಗಿ, ಮೂಲ ನಾಯಕ ಒಂದು ಕ್ಷಣ ಮುಖ ತೋರಿಸಿಬಿಡುತ್ತಾನೆ.

ಆಮೇಲೆ ಕಿವಿಗೆ ಕೆಲಸ ಕೊಡಿ. ಚಿತ್ರ ಬದಲಿಸುವುದು ಸುಲಭ, ಸಂಗೀತ ಬದಲಿಸುವುದು ಕಷ್ಟ. ಹಾಗಾಗಿ ಮೂಲ ಆಟದ ಸಂಗೀತ ಬಹಳ ಸಲ ಹಾಗೇ ಇರುತ್ತದೆ. ಜಿಗಿತದ ಎತ್ತರ, ಓಡಿ ನಿಲ್ಲುವಾಗಿನ ಜಾರು, ಶತ್ರುಗಳು ಬರುವ ಜಾಗ ಇವೂ ಬದಲಾಗುವುದಿಲ್ಲ. ಶಿನ್‌ಚಾನ್ ಆಡಿದವರಿಗೆ ಆ ಸುಳ್ಳು ಮಾರಿಯೋ ಕೈಗೆ ಸಿಕ್ಕ ಕೂಡಲೇ ಗೊತ್ತಾಗುತ್ತದೆ.

ಹೆಜ್ಜೆ 9: ಮರೆತ ಆಟಗಳ ಬೇಟೆ

‘ಅಡಗಿದ ರತ್ನಗಳು’ ಅನ್ನುವ ಪಟ್ಟಿಗಳಲ್ಲಿ ಅದೇ ಹತ್ತು ಹೆಸರು ಸುತ್ತುತ್ತವೆ. ಅವನ್ನು ಬಿಟ್ಟು ಎಲ್ಲಿ ಹುಡುಕಬೇಕು ಅಂತ ಯೋಚಿಸಿ. ನಾನು ನೋಡುವುದು ಮೂರು ಕಡೆ.

ಕನ್ಸೋಲ್‌ನ ಕೊನೆಗಾಲದ ಆಟಗಳು ಮೊದಲು. ಹೊಸ ಯಂತ್ರ ಬಂದ ಮೇಲೆ ಹಳೆಯದಕ್ಕೆ ಬಂದ ಆಟವನ್ನು ಯಾರೂ ಕೊಳ್ಳುವುದಿಲ್ಲ, ಆದರೆ ಆ ಹೊತ್ತಿಗೆ ಮಾಡುವವರ ಕೈ ಪಳಗಿರುತ್ತದೆ. ‘ಶಾಂಟೆ’ ಗೇಮ್‌ಬಾಯ್ ಕಲರ್‌ಗೆ ಬಂದಿದ್ದು 2002ರಲ್ಲಿ, ಅಡ್ವಾನ್ಸ್ ಬಂದು ಒಂದು ವರ್ಷ ಕಳೆದಿತ್ತು. ಆ ಚಿಕ್ಕ ಪರದೆಯಲ್ಲಿ ಅಷ್ಟು ನಯವಾಗಿ ಕುಣಿಯುವ ನಾಯಕಿ ಇನ್ನೊಬ್ಬಳಿಲ್ಲ. ಅದನ್ನು ಮಾಡಿದ ವೇಫಾರ್ವರ್ಡ್ ತಂಡವೇ 2001ರಲ್ಲಿ ‘ವೆಂಡಿ: ಎವ್ರಿ ವಿಚ್ ವೇ’ ಮಾಡಿತ್ತು. ಡಬ್ಬ ನೋಡಿದರೆ ಮಕ್ಕಳ ಕಾರ್ಟೂನ್ ಆಟ, ಒಳಗೆ ಗುರುತ್ವವನ್ನೇ ತಲೆಕೆಳಗು ಮಾಡಿ ಛಾವಣಿ ಮೇಲೆ ನಡೆಯುವ ಚುರುಕಾದ ಆಟ. ಇದು ಎರಡನೇ ಜಾಗಕ್ಕೂ ಉದಾಹರಣೆ: ಒಳ್ಳೆಯ ತಂಡಗಳು ಮಾಡಿದ ಕಾರ್ಟೂನ್ ಆಟಗಳು. ಅಡ್ವಾನ್ಸ್‌ನ ‘ಆಸ್ಟ್ರೋ ಬಾಯ್: ಒಮೆಗಾ ಫ್ಯಾಕ್ಟರ್’ನಲ್ಲಿ ಟ್ರೆಷರ್ ತಂಡದ ಕೈ ಇದೆ. ಲೇಬಲ್ ಮೇಲಿನ ಪಾತ್ರವನ್ನು ಬಿಡಿ, ಆಟ ಮಾಡಿದವರು ಯಾರು ಅಂತ ನೋಡಿ.

ಮೂರನೆಯದು, ಜಪಾನಿನಲ್ಲೇ ಉಳಿದ ಆಟಗಳು. 1992ರ ‘ಎಕ್ಸ್’ ಗೇಮ್‌ಬಾಯ್‌ನಲ್ಲಿ ಗೆರೆಗಳ 3ಡಿ ಲೋಕ ತೋರಿಸಿತು. ಮಾಡಿದ್ದು ಇಂಗ್ಲೆಂಡಿನ ಆರ್ಗೊನಾಟ್, ಮುಂದೆ ನಿಂಟೆಂಡೊ ಜೊತೆ ಸ್ಟಾರ್ ಫಾಕ್ಸ್ ಮಾಡಿದವರು. ಅದೇ ವರ್ಷದ ‘ಕಾಯೆರು ನೊ ತಮೆ ನಿ ಕನೆ ವ ನರು’ ನಿಂಟೆಂಡೊದ್ದೇ. ರಾಜಕುಮಾರ ಕಪ್ಪೆಯಾಗಿ ಹಾವಾಗಿ ಬದಲಾಗುತ್ತಾ ಹೋಗುವ ತಮಾಷೆಯ ಸಾಹಸ. ಜಗಳಗಳು ತಾವೇ ನಡೆಯುತ್ತವೆ, ನೀವು ಮಾಡಬೇಕಾದ್ದು ಒಗಟು ಬಿಡಿಸುವುದು. ಕೊನಾಮಿಯ ‘ಕೇವ್ ನ್ವಾರ್’ ಪ್ರತಿ ಸಲವೂ ಹೊಸ ಗುಹೆ ಕೊಡುತ್ತದೆ, ಹತ್ತು ನಿಮಿಷದಲ್ಲಿ ಒಂದು ಸುತ್ತು ಮುಗಿಯುತ್ತದೆ. ಜಪಾನೀಸ್ ಬರದಿದ್ದರೆ 2006ರ ‘ರಿದಂ ಟೆಂಗೊಕು’ವಿನಿಂದ ಶುರು ಮಾಡಿ. ತಾಳ ಗೊತ್ತಿದ್ದರೆ ಸಾಕು.

ಗೇಮ್‌ಬಾಯ್ ಆಚೆಗೂ ಕಣ್ಣು ಹಾಯಿಸಿ. ಬಂಡಾಯ್‌ನ ವಂಡರ್‌ಸ್ವಾನ್ 1999ರಲ್ಲಿ ಬಂತು. ಗೇಮ್‌ಬಾಯ್ ರೂಪಿಸಿದ ಗುನ್‌ಪೇ ಯೊಕೊಯ್ ಕೊನೆಗೆ ಕೈ ಹಾಕಿದ ಯಂತ್ರ ಅದು. ಅವರ ಹೆಸರನ್ನೇ ಇಟ್ಟ ‘ಗುನ್‌ಪೇ’ ಅನ್ನುವ ಗೆರೆ ಜೋಡಿಸುವ ಒಗಟಿನಾಟ ಇಂದಿಗೂ ಬಿಟ್ಟೇಳಲು ಬಿಡುವುದಿಲ್ಲ. ನಿಯೋ ಜಿಯೋ ಪಾಕೆಟ್ ಕಲರ್‌ನ ‘ಕಾರ್ಡ್ ಫೈಟರ್ಸ್ ಕ್ಲ್ಯಾಶ್’ ಕೂಡ ಹಾಗೇ. ಗಾಮೇಟ್, ವಟಾರ ಸೂಪರ್‌ವಿಷನ್ ಕುತೂಹಲಕ್ಕೆ ನೋಡಬಹುದು, ಆಟಗಳ ಬಗ್ಗೆ ಜಾಸ್ತಿ ಆಸೆ ಬೇಡ.

ಫೈಲ್ ಹುಡುಕುವ ಮುಂಚೆ ಅಧಿಕೃತವಾಗಿ ಸಿಗುತ್ತದೆಯೇ ನೋಡಿ. ಸನ್‌ಸಾಫ್ಟ್‌ನ 1992ರ ‘ಟ್ರಿಪ್ ವರ್ಲ್ಡ್’ ಬಣ್ಣ ಹಚ್ಚಿಕೊಂಡು 2023ರಲ್ಲಿ ಮತ್ತೆ ಬಂತು. ಹಳೇ ಕಾರ್ಟ್‌ಗೆ ಕಣ್ಣು ಕುಕ್ಕುವ ಬೆಲೆ ಇದ್ದ ‘ನಿಂಜಾ ಫೈವ್-ಒ’ 2025ರಲ್ಲಿ ಮರಳಿತು. ಆದರೆ ಇಂಥವು ಕಡಿಮೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಅಮೆರಿಕದಲ್ಲಿ 2010ಕ್ಕಿಂತ ಮುಂಚೆ ಬಂದ ಆಟಗಳಲ್ಲಿ 87 ಶೇಕಡಾ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಗೇಮ್‌ಬಾಯ್ ಆಟಗಳ ಸ್ಥಿತಿ ಅದಕ್ಕಿಂತ ಕೆಟ್ಟದಿತ್ತು.

ಅಭಿಮಾನಿಗಳ ಅನುವಾದ ಸಿಗುವುದು ಪ್ಯಾಚ್ ರೂಪದಲ್ಲಿ, ಅಂದರೆ ಬದಲಾದ ಭಾಗ ಮಾತ್ರ. ಆಟ ನಿಮ್ಮ ಕಾರ್ಟ್‌ನಿಂದಲೇ ಬರಬೇಕು. ಬಿಪಿಎಸ್ ಪ್ಯಾಚ್ ಆದರೆ ಮೂಲ ಫೈಲ್ ಸರಿಯಿದೆಯಾ ಅಂತ ಅದೇ ಪರೀಕ್ಷಿಸುತ್ತದೆ. ಐಪಿಎಸ್ ಹಾಗಲ್ಲ, ಯಾವ ಫೈಲ್ ಕೊಟ್ಟರೂ ಕಣ್ಣು ಮುಚ್ಚಿ ತಿದ್ದುತ್ತದೆ. 16 ಮೆಗಾಬೈಟ್ ದಾಟಿದ ಜಾಗಕ್ಕೆ ಅದರ ಕೈ ಎಟುಕುವುದೂ ಇಲ್ಲ. ಐಪಿಎಸ್ ಹಾಕುವಾಗ ಪ್ಯಾಚ್ ಜೊತೆ ಬರುವ ರೀಡ್‌ಮಿ ಫೈಲ್‌ನಲ್ಲಿ ಕೊಟ್ಟ ಹ್ಯಾಶ್‌ಗೆ ನಿಮ್ಮ ಫೈಲ್ ತಾಳೆಯಾಗುತ್ತದೆಯೇ ಅಂತ ನೀವೇ ನೋಡಬೇಕು. ಟೆಲಿಫ್ಯಾಂಗ್ ಪವರ್‌ಗೂ, ಆ ಕಪ್ಪೆ ರಾಜಕುಮಾರನ ಆಟಕ್ಕೂ ಇಂಗ್ಲಿಷ್ ಪ್ಯಾಚ್ ಇದೆ.

ಕೆಲವು ಕಾರ್ಟ್‌ಗಳಲ್ಲಿ ಆಟದ ಅರ್ಧ ಇರುವುದು ಯಂತ್ರಾಂಶದಲ್ಲಿ. ಕೊನಾಮಿಯ ‘ಬೊಕ್ಟಾಯ್’ ಕಾರ್ಟ್‌ಗೆ ಬಿಸಿಲು ಅಳೆಯುವ ಸಂವೇದಕವಿದೆ, ಬಿಸಿಲಿಗೆ ಹಿಡಿದರೆ ಬಂದೂಕು ತುಂಬುತ್ತದೆ. ‘ಡ್ರಿಲ್ ಡೋಜರ್’ ಕೈಯಲ್ಲಿ ನಡುಗುತ್ತದೆ. ಎಂಜಿಬಿಎಯಲ್ಲಿ ಬಿಸಿಲನ್ನು ಕೈಯಿಂದ ಏರಿಸಿ ಇಳಿಸಬಹುದು. ಇಂಥ ಆಟಗಳ ನಕಲಿ ಕಾರ್ಟ್ ಮಾತ್ರ ಕೊಳ್ಳಬೇಡಿ, ಸಂವೇದಕ ಇರುವುದಿಲ್ಲ.

ಹೆಜ್ಜೆ 10: ಬರೆದಿಡುವುದು, ಹಂಚುವುದು

ಪ್ರತಿ ಕಾರ್ಟ್‌ಗೂ ಒಂದು ಫೋಲ್ಡರ್ ಮಾಡಿ. ಲೇಬಲ್ ಮತ್ತು ಬೋರ್ಡ್ ಫೋಟೋ, ಆಟದ ಫೈಲ್, ಸೇವ್ ಫೈಲ್, ಹ್ಯಾಶ್, ಯಾವ ರೀಡರ್‌ನಿಂದ ಯಾವ ಆಯ್ಕೆಯಲ್ಲಿ ಇಳಿಸಿದಿರಿ, ಯಾವ ಮ್ಯಾಪರ್‌ನಲ್ಲಿ ಓಡಿತು ಎಲ್ಲ ಅದರಲ್ಲಿರಲಿ. ಫೈಲಿಗೆ ಹೆಸರಿಡುವಾಗ ಲೇಬಲ್ ಮೇಲಿನ ಹೆಸರು, ಶೀರ್ಷಿಕೆ ಪರದೆಯ ಹೆಸರು, ಹೆಡರ್ ಹೆಸರು ಮೂರನ್ನೂ ಬೇರೆ ಬೇರೆ ಬರೆಯಿರಿ. ಬೂಟ್‌ಲೆಗ್‌ನಲ್ಲಿ ಮೂರೂ ಒಂದೇ ಇರುವುದು ಅಪರೂಪ. ತಪ್ಪು ಹೆಡರ್ ಕಂಡರೂ ಇಳಿಸಿದ ಫೈಲನ್ನು ತಿದ್ದಬೇಡಿ. ತಿದ್ದಿ ಆಡಬೇಕಿದ್ದರೆ ಇನ್ನೊಂದು ಪ್ರತಿ ಮಾಡಿಕೊಳ್ಳಿ.

ಸ್ವಂತ ಕಾರ್ಟ್ ನಕಲು ಮಾಡಿಕೊಳ್ಳುವ ಬಗ್ಗೆ ದೇಶದಿಂದ ದೇಶಕ್ಕೆ ಕಾನೂನು ಬೇರೆ, ನಿಮ್ಮದು ಏನು ಹೇಳುತ್ತದೆ ತಿಳಿದುಕೊಳ್ಳಿ. ಫೋಟೋ, ಹ್ಯಾಶ್, ಬೋರ್ಡ್ ನಂಬರ್ ಹಂಚಲು ಯಾವ ತೊಡಕೂ ಇಲ್ಲ, ಬೇರೆ ಸಂಗ್ರಾಹಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ. ಇನ್ನು ಕಾರ್ಟ್ ಮಾರುವಾಗ ನಕಲಿ ಅಂತ ಗೊತ್ತಿದ್ದರೆ ನಕಲಿ ಅಂತಲೇ ಬರೆದು, ಬೋರ್ಡ್ ಫೋಟೋ ಹಾಕಿ ಮಾರಿ. ಕೊಳ್ಳುವಾಗಲೂ ಬೋರ್ಡ್ ಫೋಟೋ ಕೇಳಿ. ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಅಸಲಿ ಬೆಲೆ ಕೊಡಬೇಡಿ.